ಅಪ್ಪಯ್ಯನ ಮಳೆ ಲೆಕ್ಕ: ಹಳೆಯ ಪುಸ್ತಕಗಳಿಗೆ ಹೊಸ ರಟ್ಟು

ಕೃತ್ತಿಕೆ ಮಳೆ

ಜೂನ್ ತಿಂಗಳ ಮೂರನೇ ಭಾನುವಾರದ ಅಪ್ಪಂದಿರ ದಿನವು ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಯಾವ ವರ್ಷವೂ ಮೃಗಶಿರದೊಳಗೇ ಬೀಳುತ್ತದೆ. ಮಲೆನಾಡಿನ ಅಡಿಕೆ ತೋಟದವರಿಗೆ ಆ ಹೊತ್ತಿನಲ್ಲಿ ಉಡುಗೊರೆ ಬಿಚ್ಚಿ ನೋಡುವ ಪುರಸೊತ್ತು ಇರುವುದಿಲ್ಲ. ಅಂಗಿ ಕೊಟ್ಟರೂ ವಾಚು ಕೊಟ್ಟರೂ ಅಪ್ಪಯ್ಯ "ಚೆನ್ನಾಗಿದೆ" ಎಂದು ಕಪಾಟಿನಲ್ಲಿಟ್ಟು ಹಳೆಯದನ್ನೇ ಬಳಸುತ್ತಾರೆ. ಆದ್ದರಿಂದ ಈ ಸಲ ಏನನ್ನೂ ಕೊಳ್ಳದೆ, ಮೂರು ದಶಕಗಳಿಂದ ಅವರು ದಿನವೂ ಮಳೆ ಅಳೆದು ಬರೆದಿಟ್ಟ ಪುಸ್ತಕಗಳನ್ನು ನಾನೇ ಹೊಲಿದು, ರಟ್ಟು ಹಾಕಿ ಕೊಡಬೇಕೆಂದು ನಿಶ್ಚಯಿಸಿದ್ದೇನೆ. ಅವರು ಇದಕ್ಕೆ ಬೇಡವೆನ್ನಲಿಲ್ಲ, "ಹಾಳೆ ಹಿಂದುಮುಂದಾಗಬಾರದು" ಎಂದಷ್ಟೇ ಹೇಳಿದರು.

ಅಟ್ಟದಿಂದ ಇಳಿಸಿದಾಗ ಪುಸ್ತಕಗಳ ಸ್ಥಿತಿ ನಾನು ಹೆದರಿದಷ್ಟು ಕೆಟ್ಟಿರಲಿಲ್ಲ. ಗೆದ್ದಲು ತಾಗಿಲ್ಲ, ಬೂಷ್ಟು ಇದೆ, ಕೆಲವು ಪಿನ್ನುಗಳು ತುಕ್ಕು ಹಿಡಿದು ಕಾಗದವನ್ನೂ ತಿಂದಿವೆ. ಬಿಸಿಲು ಸಿಕ್ಕ ಬೆಳಗುಗಳಲ್ಲಿ ಹಾಳೆಗಳನ್ನು ನೆರಳಿನ ಗಾಳಿಗೆ ಹರಡಿ, ಒಣಗಿದ ಬೂಷ್ಟನ್ನು ಮೆತ್ತನೆಯ ಬ್ರಷ್ಷಿನಿಂದ ಒರಸಿದ್ದೇನೆ. ಉದ್ದದ ನೋಟುಬುಕ್ಕುಗಳೂ ಸಣ್ಣ ಡೈರಿಗಳೂ ಒಂದೇ ಅಳತೆಯಲ್ಲಿ ಇಲ್ಲದ ಕಾರಣ, ಬರಹವನ್ನು ಕತ್ತರಿಸದೆ ಒಂದೇ ಸಂಪುಟ ಮಾಡುವುದು ಸಾಧ್ಯವಿಲ್ಲ, ಎರಡಾಗುತ್ತವೆ.

ರೋಹಿಣಿ ಮಳೆ, ಮೊದಲ ದಿನಗಳು

ಹೊಲಿಗೆಗೆ ಮುಂಚೆ ಓದಬೇಕಾಯಿತು, ಈ ಕೆಲಸದ ನಿಜವಾದ ಭಾಗ ಅದೇ ಆಯಿತು. ಮೊದಲ ವರ್ಷಗಳ ಅಳತೆಗಳು ಇಂಚು ಮತ್ತು ಸೆಂಟಿನಲ್ಲಿವೆ. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್, ಹಾಗಾಗಿ "3 ಇಂಚು 20 ಸೆಂಟು" ಎಂದಿರುವುದು ಸುಮಾರು 81 ಮಿಲಿಮೀಟರ್ ಆಗುತ್ತದೆ. ಮಾಪಕ ಕೊಳ್ಳುವ ಮೊದಲು ಅವರು ಬಳಸಿದ್ದು ನೇರ ಗೋಡೆಯ ಬಿಸ್ಕತ್ತಿನ ಡಬ್ಬಿಯನ್ನು. ಬಾಯಿಯೂ ತಳವೂ ಒಂದೇ ಅಗಲವಿದ್ದರೆ ಡಬ್ಬಿ ಎಷ್ಟು ದೊಡ್ಡದೆಂಬುದು ಮುಖ್ಯವಲ್ಲ, ನಿಂತ ನೀರಿನ ಆಳವೇ ಮಳೆಯ ಅಳತೆ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ, ಅಪ್ಪಯ್ಯ ಕಾಫಿಗೆ ಮೊದಲು; ದಿನವೂ ಅದೇ ಹೊತ್ತಾದರೆ ವರ್ಷದ ಮೊತ್ತಕ್ಕೆ ಬಾಧಕವಿಲ್ಲ. ಅವರ ಅಂಕಿಗಳನ್ನು ನಾನು ತಿದ್ದುತ್ತಿಲ್ಲ, ಮಿಲಿಮೀಟರನ್ನು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ಅವರು ಟೈಫಾಯ್ಡ್‌ನಿಂದ ಮಲಗಿದ್ದ ಒಂದು ಮಳೆಗಾಲದಲ್ಲಿ ಅಕ್ಷರ ಅಮ್ಮನದು. ಅಮ್ಮನಿಗೆ ಡಬ್ಬಿಯ ಮೇಲೆ ನಂಬಿಕೆ ಇರಲಿಲ್ಲವೆಂದು ಕಾಣುತ್ತದೆ: "ಜಡಿಮಳೆ", "ಅಂಗಳದ ನೀರು ಮೆಟ್ಟಿಲು ಮುಟ್ಟಿತು", "ಸೋನೆ, ಬಟ್ಟೆ ಒಣಗಲಿಲ್ಲ" ಎಂದೆಲ್ಲ ಬರೆದಿದ್ದಾರೆ. ಮೊತ್ತದ ಪಟ್ಟಿಯಲ್ಲಿ ಆ ಸಾಲುಗಳನ್ನು ಖಾಲಿ ಬಿಡಲೇ ಎಂದು ಕೇಳಿದಾಗ ಅಪ್ಪಯ್ಯ, "ಖಾಲಿ ಯಾಕೆ, ಇದ್ದದ್ದು ಇದ್ದ ಹಾಗೆ ಬರಿ" ಎಂದರು. ಹೀಗೆ ಅಂಕಿಯ ಅಂಕಣದಲ್ಲಿ ಮೆಟ್ಟಿಲೂ ಸೇರಿದೆ.

ಸಂಜೆ ಒಂದೆರಡು ಪುಟ ಓದಿ, ಅರ್ಥವಾಗದ್ದನ್ನು ಅವರನ್ನೇ ಕೇಳುವುದು ರೂಢಿಯಾಗಿದೆ. ತಮ್ಮ ಜೀವನದ ಬಗ್ಗೆ ಕೇಳಿದರೆ ಎರಡು ಮಾತಿಗಿಂತ ಹೆಚ್ಚು ಆಡದವರು ಒಂದು ಸಾಲು ಮಳೆಯ ಬಗ್ಗೆ ಕೇಳಿದರೆ ಊಟದ ಹೊತ್ತು ಮೀರುವವರೆಗೆ ಹೇಳುತ್ತಾರೆ. ಒಂದು ಜುಲೈ ಪುಟದ ಅಂಚಿನಲ್ಲಿ "ಎರಡನೇ ಔಷಧಿ ತಪ್ಪಿತು" ಎಂದಿತ್ತು. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನಗಳ ಮೇಲೆ ಮತ್ತೊಮ್ಮೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಬೇಕು. ಆ ವರ್ಷ ಪುನರ್ವಸು, ಪುಷ್ಯ ಎರಡೂ ಹೊಳವು ಕೊಡದೆ, ಜಾರುವ ಮರಕ್ಕೆ ಕೊನೆಗಾರರು ಹತ್ತಲಾಗದೆ, ಎಳೆಗಾಯಿ ಬಹುಪಾಲು ಉದುರಿಹೋಯಿತಂತೆ. ಮನೆಯ ಮಾಡಿನ ಕೆಲಸ ಅರ್ಧಕ್ಕೆ ನಿಂತದ್ದು ನನಗೆ ಬಾಲ್ಯದ ನೆನಪು. ಕಾರಣ ತಿಳಿದದ್ದು ಈಗ.

ರೋಹಿಣಿ ಮಳೆ, ಕೊನೆಯ ದಿನಗಳು

ಅಂಟು ಸಿದ್ಧವಾಗಿದೆ. ಮೈದಾ ಅಂಟಿಗೆ ಹುಳ ಬಾರದಿರಲು ಚಿಟಿಕೆ ಮೈಲುತುತ್ತ ಬೆರೆಸುವುದು ಹಳೆಯ ಬೈಂಡರುಗಳ ಪದ್ಧತಿ, ಮೈಲುತುತ್ತವಂತೂ ಔಷಧಿಯ ಚೀಲದಲ್ಲೇ ಇತ್ತು. ನಾನು ಬಾಣಲೆ ಎತ್ತಿಕೊಳ್ಳುವಷ್ಟರಲ್ಲಿ ಅಪ್ಪಯ್ಯ, "ಕಬ್ಬಿಣಕ್ಕೆ ಹಾಕಬೇಡ ಮಾರಾಯ" ಎಂದು ಒಡಕು ಅಂಚಿನ ಮಡಕೆಯೊಂದನ್ನು ತಂದುಕೊಟ್ಟರು. ಮೈಲುತುತ್ತದ ತಾಮ್ರ ಕಬ್ಬಿಣಕ್ಕೆ ಹಿಡಿಯುತ್ತದೆ. ಬೋರ್ಡೋ ದ್ರಾವಣದಲ್ಲಿ ಚಾಕು ಅದ್ದಿ, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯುವುದೂ ಇದೇ ಗುಣದಿಂದ. ಅದು ವಿಷವಾದ್ದರಿಂದ ಮಡಕೆಯನ್ನು ಮತ್ತೆ ಅಡುಗೆಮನೆಗೆ ತರುವಂತಿಲ್ಲ.

ಕಾಗದಕ್ಕೂ ರಟ್ಟಿಗೂ ನಾರಿನ ಒಂದು ದಿಕ್ಕಿರುತ್ತದೆ; ಅದು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರದಿದ್ದರೆ ಈ ತೇವದ ಹವೆಯಲ್ಲಿ ರಟ್ಟು ಹಪ್ಪಳದಂತೆ ಸೊಟ್ಟಗಾಗುತ್ತದೆ. ದಬ್ಬಣದಿಂದ ತೂತು ಮಾಡಿ, ಜೇನುಮೇಣ ಸವರಿದ ದಾರದಲ್ಲಿ ಮೊದಲ ಸಂಪುಟ ಹೊಲಿದಾಗಿದೆ, ಬೀಸುಕಲ್ಲಿನಡಿ ಒಣಗುತ್ತಿದೆ. ರಟ್ಟು, ದಾರ, ಬೆನ್ನಿನ ಬಟ್ಟೆ ಎಲ್ಲ ಸೇರಿ ಖರ್ಚು ಮುನ್ನೂರು ರೂಪಾಯಿ ದಾಟಿಲ್ಲ.

ಮೃಗಶಿರ ಮಳೆ

ಎರಡನೇ ಸಂಪುಟವೂ ಮುಗಿದಿದೆ. ಕೊನೆಯಲ್ಲಿ ವರ್ಷವಾರು ಪಟ್ಟಿಯನ್ನು ಅವರ ಪದ್ಧತಿಯಂತೆ ತಿಂಗಳ ಬದಲು ನಕ್ಷತ್ರಗಳ ಪ್ರಕಾರ ಬರೆದೆ. ಆಗಸ್ಟ್ ಮೊದಲರ್ಧದ ಆಶ್ಲೇಷಾ ಅಂಕಣವನ್ನು ಅವರು ಬೆರಳಿಟ್ಟು ನೋಡಿದರು: ನೆರೆ ಬಂದ 2019ರಲ್ಲಿ ಅಂಕಿ ಚೌಕದೊಳಗೆ ಹಿಡಿಸಿಲ್ಲ, 2023ರಲ್ಲಿ, ಅಂದರೆ 1901ರಿಂದೀಚೆಗೆ ದೇಶದ ಅತಿ ಒಣ ಆಗಸ್ಟ್ ಎಂದು ದಾಖಲಾದ ವರ್ಷ, ಅದೇ ಚೌಕ ಹೆಚ್ಚುಕಡಿಮೆ ಬರಿದು. "ನಾನು ಅಂದದ್ದು ಸರಿಯಿತ್ತು" ಎಂದು ಅಮ್ಮನನ್ನು ಕರೆದು ತೋರಿಸಿದರು. ಏನು ಅಂದಿದ್ದರೋ, ಅಮ್ಮ ಒಪ್ಪಲಿಲ್ಲ.

ಮುಂದಿನ ವರ್ಷಗಳಿಗೆಂದು ಸೇರಿಸಿದ ಖಾಲಿ ಹಾಳೆಗಳಲ್ಲಿ ಬರೆಯಲು ಮಾತ್ರ ಅವರು ಒಪ್ಪಿಲ್ಲ. ಒದ್ದೆ ಕೈಯಲ್ಲಿ ಒಳ್ಳೆಯ ಪುಸ್ತಕ ಮುಟ್ಟುವುದಿಲ್ಲವಂತೆ. ದಿನದ ಅಳತೆ ಹಳೆಯ ರೀತಿಯಲ್ಲೇ ನೋಟುಬುಕ್ಕಿಗೆ ಹೋಗುತ್ತದೆ, ವಿಶಾಖಾ ಮಳೆ ಕಳೆದ ಮೇಲೆ ಅದನ್ನು ಸಂಪುಟಕ್ಕೆ ನಕಲು ಮಾಡುವ ಕೆಲಸ ಪ್ರತಿವರ್ಷ ನನ್ನದು. ಬೆನ್ನಿನ ಮೇಲೆ ಹೆಸರು ಬರೆಯುವುದು ಬಾಕಿಯಿದೆ; ಅವರ ಹೆಸರಿನ ಕೆಳಗೆ ಅಮ್ಮನದೂ ಇರಬೇಕೆಂದು ಅಪ್ಪಯ್ಯನ ಹಟ.