ಫೀ ಪಟ್ಟಿ ಬಂದ ದಿನದ ಲೆಕ್ಕ

ಬೆಂಗಳೂರಿನ ಖಾಸಗಿ ಶಾಲೆಗಳಲ್ಲಿ ಮುಂದಿನ ವರ್ಷದ ಫೀ ಪಟ್ಟಿ ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ಒಳಗೆ ಪೋಷಕರ ಕೈಗೆ ಬರುತ್ತದೆ. ಅವತ್ತು ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಅದೇ ಮಾತು, ಅದೇ ಸಿಟ್ಟು. ಸಿಟ್ಟು ನ್ಯಾಯವಾದದ್ದೇ. ಆದರೆ ಮೊದಲು ಕಳೆದ ವರ್ಷದ ರಸೀದಿಗಳನ್ನೆಲ್ಲ ಹುಡುಕಿ ತೆಗೆದು ಹೊಸ ಪಟ್ಟಿಯ ಪಕ್ಕದಲ್ಲಿಟ್ಟುಕೊಂಡು ಕೂರಬೇಕು.

ಪತ್ರದಲ್ಲಿ ‘ಶೇ 10 ಏರಿಕೆ’ ಅಂತ ಇರುತ್ತದೆ. ಎಷ್ಟೋ ಸಲ ಅದು ಬೋಧನಾ ಶುಲ್ಕದ ಮಾತು ಮಾತ್ರ. ಉದಾಹರಣೆಗೆ, ಹೋದ ವರ್ಷ ಬೋಧನಾ ಶುಲ್ಕ 80,000, ಚಟುವಟಿಕೆಗೆ 12,000, ಸ್ಮಾರ್ಟ್ ಕ್ಲಾಸ್‌ಗೆ 6,000, ಬಸ್ಸಿಗೆ 22,000 ಇತ್ತು ಅನ್ನಿ. ಒಟ್ಟು 1,20,000. ಈ ವರ್ಷ ಅವೇ ಸಾಲುಗಳು 88,000, 15,000, 8,000, 27,000 ಆಗಿವೆ. ಒಟ್ಟು 1,38,000. ಬೋಧನಾ ಶುಲ್ಕ ಶೇ 10 ಏರಿದ್ದು ನಿಜ, ಮನೆಯಿಂದ ಹೋಗುವ ಹಣ ಏರಿದ್ದು ಶೇ 15. ಚೌಕಾಸಿಗೆ ಜಾಗ ಇರುವುದು ಆ ಕೆಳಗಿನ ಸಾಲುಗಳಲ್ಲೇ. ಬಸ್ಸಿನ ಶುಲ್ಕ ಹತ್ತು ತಿಂಗಳದ್ದೋ ಹನ್ನೆರಡು ತಿಂಗಳದ್ದೋ, ಚಟುವಟಿಕೆ ಕಡ್ಡಾಯವೋ, ಎರಡನೇ ಮಗುವಿಗೆ ರಿಯಾಯಿತಿ ಇದೆಯೋ, ಕಂತು ಹೆಚ್ಚಿಸುತ್ತಾರೋ ಎಂದು ಹತ್ತಾರು ಪೋಷಕರು ಸಹಿ ಹಾಕಿ ಒಂದೇ ಪತ್ರದಲ್ಲಿ ಕೇಳಬೇಕು. ಒಬ್ಬೊಬ್ಬರೇ ಹೋದರೆ ‘ಮ್ಯಾನೇಜ್‌ಮೆಂಟ್‌ಗೆ ಹೇಳ್ತೀವಿ’ ಎಂಬ ಉತ್ತರ ಸಿಕ್ಕಿ ಮಾತು ಅಲ್ಲಿಗೇ ಮುಗಿಯುತ್ತದೆ.

ಕೋವಿಡ್ ಹೊತ್ತಿನಲ್ಲಿ, 2021ರ ಜನವರಿಯಲ್ಲಿ, ಬೋಧನಾ ಶುಲ್ಕದ ಶೇ 70 ಮಾತ್ರ ತೆಗೆದುಕೊಳ್ಳಬೇಕೆಂದು ಸರ್ಕಾರ ಆದೇಶಿಸಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆ ಶೇ 30ರ ರಿಯಾಯಿತಿಯನ್ನು ಶೇ 15ಕ್ಕೆ ಇಳಿಸಿತು. 2023ರ ಜನವರಿಯಲ್ಲಿ, ಅನುದಾನರಹಿತ ಖಾಸಗಿ ಶಾಲೆಗಳ ಶುಲ್ಕ ನಿಯಂತ್ರಿಸಲು ರಾಜ್ಯ ಶಿಕ್ಷಣ ಕಾಯ್ದೆಯಲ್ಲಿದ್ದ ಕಲಮನ್ನೂ ರದ್ದುಪಡಿಸಿತು. ಹಾಗಾಗಿ ‘ಫೀ ಇಳಿಸಿ’ ಎಂಬ ಅರ್ಜಿ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋದರೆ ಫಲ ಕಡಿಮೆ. ಡೊನೇಷನ್ ಮಾತು ಬೇರೆ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಅದನ್ನು ನಿಷೇಧಿಸಿದೆ. ಪಡೆದ ಮೊತ್ತದ ಹತ್ತು ಪಟ್ಟಿನವರೆಗೆ ದಂಡ ಹಾಕಬಹುದು. ದೂರು ನಿಲ್ಲುವುದಕ್ಕೆ ಪುರಾವೆ ಬೇಕು, ಆದ್ದರಿಂದ ರಸೀದಿಯಿಲ್ಲದೆ ನಗದು ಕೊಡಲೇಬಾರದು.

ಇನ್ನು ಕಟ್ಟುವ ಲೆಕ್ಕ. 1,20,000 ರೂಪಾಯಿಯನ್ನು ಏಪ್ರಿಲ್, ಆಗಸ್ಟ್, ಡಿಸೆಂಬರ್‌ನಲ್ಲಿ ತಲಾ 40,000ದಂತೆ ಕಟ್ಟಬಹುದು, ಒಂದೇ ಸಲ ಕಟ್ಟಿದರೆ ಶೇ 3 ಕಡಿತ ಎಂದಿದ್ದರೆ ಉಳಿಯುವುದು 3,600. ಕಟ್ಟದೆ ಉಳಿದ ಎರಡು ಕಂತಿನ ಹಣ ನಾಲ್ಕು ಮತ್ತು ಎಂಟು ತಿಂಗಳು ಶೇ 7ರ ಠೇವಣಿಯಲ್ಲಿದ್ದರೆ ಬರುವ ಬಡ್ಡಿ ಸುಮಾರು 2,800. ಹಣ ಕೈಯಲ್ಲಿದ್ದವರಿಗೆ ಒಂದೇ ಸಲ ಕಟ್ಟುವುದು ಲಾಭ. ಒಡವೆ ಅಡವಿಟ್ಟು ಶೇ 12ರ ಸಾಲ ತಂದು ಕಟ್ಟಿದರೆ ಆ ಎರಡು ಕಂತಿಗೇ ಬಡ್ಡಿ 4,800 ಆಗುತ್ತದೆ. 3,600ರ ಕಡಿತಕ್ಕಾಗಿ ಒಡವೆ ಬ್ಯಾಂಕಿಗೆ ಹೋಗುವುದು ಬೇಡ.

‘ಬಡ್ಡಿಯಿಲ್ಲದ ಇಎಂಐ’ ಎಂದು ಶಾಲೆಗಳೇ ತೋರಿಸುವ ಸಾಲದ ಕಂಪನಿಗಳ ವಿಷಯದಲ್ಲಿ ನಿಧಾನಿಸಬೇಕು. ಕಂಪನಿ ಇಡೀ ವರ್ಷದ ಹಣವನ್ನು ಶಾಲೆಗೆ ಮೊದಲೇ ಕೊಟ್ಟುಬಿಡುತ್ತದೆ, ಸಾಲ ಮಾತ್ರ ಪೋಷಕರ ಹೆಸರಿನಲ್ಲಿ. ಪ್ರೊಸೆಸಿಂಗ್ ಫೀ ಶೇ 2 ಇದ್ದರೆ 1,20,000ಕ್ಕೆ 2,400, ಅದರ ಮೇಲೆ ಶೇ 18 ಜಿಎಸ್‌ಟಿ 432. ಕಂತು ತಪ್ಪಿದರೆ ಬೌನ್ಸ್ ಶುಲ್ಕ, ಜೊತೆಗೆ ಮುಂದೆ ಸಾಲ ಕೊಡುವವರು ನೋಡುವ ಸಿಬಿಲ್ ಅಂಕಕ್ಕೂ ಪೆಟ್ಟು. ವರ್ಷದ ನಡುವೆ ಮಗು ಶಾಲೆ ಬಿಟ್ಟರೂ ಕಂತು ನಿಲ್ಲುವುದಿಲ್ಲ. ಶಾಲೆ ಹಣ ವಾಪಸು ಕೊಡುವುದೋ ಇಲ್ಲವೋ ಎಂಬುದು ಇನ್ನೊಂದು ಜಗಳ. ಇದಕ್ಕಿಂತ ಮುಂದಿನ ವರ್ಷದ ಫೀಗೆಂದು ಏಪ್ರಿಲ್‌ನಲ್ಲೇ ಬ್ಯಾಂಕಿನಲ್ಲಿ ಹನ್ನೆರಡು ತಿಂಗಳ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ತೆರೆಯುವುದು ವಾಸಿ. 1,32,000 ಬೇಕೆಂದರೆ ತಿಂಗಳಿಗೆ 11,000. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಈ ಕೆಲಸಕ್ಕೆ ಒಗ್ಗದು.

ಎಲ್‌ಕೆಜಿಗೆ ಸೇರಿಸುವವರು ಹತ್ತನೇ ತರಗತಿಯವರೆಗಿನ ಲೆಕ್ಕವನ್ನೂ ಹಾಕಲೇಬೇಕು. 60,000 ರೂಪಾಯಿಯ ಫೀ ಪ್ರತಿ ವರ್ಷ ಶೇ 10 ಏರಿದರೆ ಹತ್ತನೆಯ ವರ್ಷಕ್ಕಲ್ಲ, ಎಂಟನೆಯ ಏರಿಕೆಗೇ ಎರಡು ಪಟ್ಟು ದಾಟುತ್ತದೆ. ಹತ್ತನೇ ತರಗತಿಗೆ ಸುಮಾರು 1,71,000. ಹನ್ನೆರಡು ವರ್ಷದ ಒಟ್ಟು ಮೊತ್ತ ಸುಮಾರು 12.8 ಲಕ್ಷ. ಬಸ್ಸು, ಪುಸ್ತಕ, ಯೂನಿಫಾರಂ ಇದರಲ್ಲಿ ಸೇರಿಲ್ಲ. ಶಾಲೆಯ ಫೀ ಮೇಲಿನ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ, ಅದೂ ಬೋಧನಾ ಶುಲ್ಕಕ್ಕಷ್ಟೇ.

ಫೀ ಬಾಕಿಯಿದೆ ಎಂದು ಮಗುವನ್ನು ಕ್ಲಾಸಿನ ಹೊರಗೆ ನಿಲ್ಲಿಸುವುದು, ಎಲ್ಲರೆದುರು ಹೆಸರು ಕೂಗುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಇಂಥದ್ದಕ್ಕೆ ಬಿಇಒಗೆ ದಿನಾಂಕ ಹಾಕಿ ಬರೆದು ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು.

ಶಾಲೆ ಬದಲಿಸುವುದಾದರೆ ಹೊಸ ಶಾಲೆಯ ಅಡ್ಮಿಷನ್ ಫೀಯನ್ನೂ ಲೆಕ್ಕಕ್ಕೆ ಹಿಡಿಯಿರಿ. ವರ್ಷಕ್ಕೆ 30,000 ಉಳಿದು ಸೇರ್ಪಡೆಗೆ 40,000 ಹೋದರೆ, ಉಳಿತಾಯ ಕಾಣುವುದು ಎರಡನೇ ವರ್ಷದಲ್ಲಿ. ಬಾಕಿ ನೆಪದಲ್ಲಿ ಹಳೆಯ ಶಾಲೆ ಟಿಸಿ ತಡೆಹಿಡಿದರೂ, ಎಂಟನೇ ತರಗತಿಯವರೆಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಟಿಸಿ ತಡವಾಯಿತೆಂದು ಮಗುವಿಗೆ ಸೀಟು ನಿರಾಕರಿಸುವಂತಿಲ್ಲ.