ಕೋವಿ ಪಡೆಗೆ ಮಳೆಯ ನಿಯಮ: ನಾಲ್ಕನೆಯ ತಿಂಗಳ ಕೆಲಸ

ನಾನು ಕಟ್ಟುತ್ತಿರುವ ವಿಜಯನಗರ ಕಾಲದ ಯುದ್ಧತಂತ್ರದ ಆಟದಲ್ಲಿ ಈ ತಿಂಗಳು ಪೂರ್ತಿ ಒಂದೇ ತುಕಡಿಗೆ ಹೋಯಿತು: ಬತ್ತಿ ಕೋವಿ, ಅಂದರೆ ಉರಿಯುವ ಬತ್ತಿಯಿಂದ ಮದ್ದಿಗೆ ಬೆಂಕಿ ತಾಗಿಸಿ ಹಾರಿಸುವ ಕೋವಿ, ಹಿಡಿದ ಕಾಲಾಳುಗಳು. ಮೊದಲ ಆವೃತ್ತಿಯಲ್ಲಿ ಅವರು ಹೆಚ್ಚು ಬಲದ ಬಿಲ್ಲುಗಾರರಷ್ಟೇ ಆಗಿದ್ದರು. ಹೀಗಾಗಿ ಆಟಗಾರನಿಗೆ ಬಿಲ್ಲುಗಾರರನ್ನು ಸೇರಿಸಿಕೊಳ್ಳಲು ಕಾರಣವೇ ಉಳಿದಿರಲಿಲ್ಲ.

ಕೋವಿಯ ಸ್ವಭಾವವಿರುವುದು ಎರಡು ಹೊಡೆತಗಳ ನಡುವಿನ ಹೊತ್ತಿನಲ್ಲಿ. ನಳಿಗೆಗೆ ಮದ್ದು ಸುರಿದು, ಗುಂಡು ಹಾಕಿ, ಗಜವೆಂಬ ಉದ್ದ ಕೋಲಿನಿಂದ ಜಡಿದು, ನಳಿಗೆಯ ಪಕ್ಕದ ಬಟ್ಟಲಿಗೆ ರಂಜಕ (ಬೆಂಕಿ ಹತ್ತಿಸುವ ನುಣ್ಣನೆಯ ಮದ್ದು) ತುಂಬಿ ಮುಚ್ಚಿ, ಪೆಟ್ಲುಪ್ಪಿನಲ್ಲಿ ನೆನೆಸಿ ಒಣಗಿಸಿದ ಬತ್ತಿಯನ್ನು ಕೊಕ್ಕೆಗೆ ಸಿಕ್ಕಿಸಿ, ಕೆಂಡವನ್ನು ಊದಿ ಕೆಂಪಾಗಿಸುವಷ್ಟರಲ್ಲಿ ಬಿಲ್ಲುಗಾರ ಹಲವು ಬಾಣ ಬಿಟ್ಟಿರುತ್ತಾನೆ. ಆದ್ದರಿಂದ ಮರುತುಂಬುವ ಅವಧಿಯನ್ನು 30 ಸೆಕೆಂಡಿಗೆ ಏರಿಸಿ, ಅದನ್ನು ಹಂತಗಳಾಗಿ ಒಡೆದಿದ್ದೇನೆ. ನಡುವೆ ಕುದುರೆ ದಳ ನುಗ್ಗಿದರೆ ಕೆಲಸ ಮೊದಲಿನಿಂದ ಶುರುವಾಗುತ್ತದೆ. ಕೆಂಡದ ಬಣ್ಣ ಸರಿಬಾರದಿದ್ದಾಗ, ನವನಗರದ ಮನೆಯಲ್ಲಿ ರಾತ್ರಿ ದೀಪ ಆರಿಸಿ ಊದುಬತ್ತಿ ಹಚ್ಚಿಕೊಂಡು ಕುಳಿತೆ. ಊದಿದಾಗ ತುದಿ ಕಿತ್ತಳೆಯಾಗಿ ಬೆಳಗಿ, ಬೂದಿ ಉದುರಿ, ಮತ್ತೆ ಮಂಕು ಕೆಂಪಿಗೆ ಇಳಿಯಿತು. ಆ ಮೂರು ಬಣ್ಣಗಳೇ ಈಗ ಚಿತ್ರದಲ್ಲಿವೆ.

ಕೋವಿಯವರಿಗೆ ತಕ್ಕ ಪಾತ್ರ ಸಿಕ್ಕಿದ್ದು 1520ರ ರಾಯಚೂರು ಮುತ್ತಿಗೆಯ ವಿವರಗಳಲ್ಲಿ. ಆದಿಲಶಾಹಿ ಕಾವಲಿನಲ್ಲಿದ್ದ ಕೋಟೆಯನ್ನು ಕೃಷ್ಣದೇವರಾಯನ ಸೈನ್ಯ ಮುತ್ತಿದಾಗ, ಕ್ರಿಸ್ಟೋವಾವೊ ಡಿ ಫಿಗೆರೆಡೊನ ಜೊತೆಗಿದ್ದ ಪೋರ್ಚುಗೀಸ್ ಕೋವಿಗಾರರು ಗೋಡೆಯ ಮೇಲೆ ತಲೆಯೆತ್ತಿದವರಿಗೆ ಗುರಿಯಿಟ್ಟರು. ಆ ಮರೆಯಲ್ಲಿ ರಾಯನ ಸೈನಿಕರು ಗೋಡೆಯ ಬುಡಕ್ಕೆ ಹೋಗಿ ಕಲ್ಲು ಕಿತ್ತರು ಎಂದು ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಲೇಖಕ ನೂನಿಜ್ ಹೇಳಿದ್ದಾನೆ. ಆಟದಲ್ಲೂ ಈಗ ಕೋವಿ ತುಕಡಿಯ ಗುರಿಯೊಳಗಿನ ಕಾವಲುಗಾರರು ತಲೆ ತಗ್ಗಿಸುತ್ತಾರೆ, ಅವರ ಕಲ್ಲು ಮತ್ತು ಬಾಣಗಳ ಎಸೆತ ಅರ್ಧಕ್ಕಿಳಿಯುತ್ತದೆ. ಹೆಚ್ಚು ಜನರನ್ನು ಕೊಲ್ಲುವ ಶಕ್ತಿಗಿಂತ ಇದು ಎಷ್ಟೋ ಮೇಲು ಎಂದು ನನಗೆ ದೃಢವಾಗಿ ಅನ್ನಿಸುತ್ತದೆ. ಮುತ್ತಿಗೆಯಲ್ಲಿ ಹಾರೆ ಹಿಡಿದವನಿಗೂ ಬೆಲೆ ಬಂದಿದೆ.

ಹೆಚ್ಚು ಕಾಡಿದ್ದು ಮಳೆ. ಬೇಸಿಗೆಯ ರಾಯಚೂರಿಗೆ ಅದು ಬೇಕಿಲ್ಲ, ಬಂಕಾಪುರದ ಸುತ್ತಲಿನ ಮಳೆಗಾಲದ ನಕ್ಷೆಗೆ ಬೇಕೇ ಬೇಕು. ಮಳೆ ಬಿದ್ದೊಡನೆ ಬತ್ತಿಗಳು ಆರುತ್ತಿದ್ದವು, ಸರಿ. ಆದರೆ ಮಳೆ ನಿಂತ ಕ್ಷಣವೇ ಎಲ್ಲರ ಬತ್ತಿಯೂ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಎರಡು ವಾರ ಹುಡುಕಿದ ಮೇಲೆ ತಪ್ಪು ಗೊತ್ತಾಯಿತು: ಬೆಂಕಿಯನ್ನು ನಾನು ಹವಾಮಾನದ ಗುಣವೆಂದು ಬರೆದಿದ್ದೆ, ಸೈನಿಕನ ಕೈಯಲ್ಲಿರುವ ವಸ್ತುವೆಂದು ಬರೆದಿರಲಿಲ್ಲ. ಈಗ ತುಕಡಿಯಲ್ಲಿ ಒಬ್ಬನ ಬತ್ತಿಯಾದರೂ ಉಳಿದಿದ್ದರೆ ಮಾತ್ರ ಪಕ್ಕದವನು ಅದರಿಂದ ಹೊತ್ತಿಸಿಕೊಳ್ಳುತ್ತಾನೆ, ಅವನಿಂದ ಮತ್ತೊಬ್ಬ. ಯಾರದೂ ಉಳಿಯದಿದ್ದರೆ ಎಲ್ಲರೂ ಬೀಡಿಗೆ ಮರಳಬೇಕು. ನಿಜವಾದ ಸೈನಿಕರು ಬತ್ತಿಯ ಎರಡೂ ತುದಿ ಹೊತ್ತಿಸಿಟ್ಟುಕೊಳ್ಳುತ್ತಿದ್ದುದು ಇದೇ ಭಯದಿಂದ.

ಆ ಎರಡನೆಯ ತುದಿಯನ್ನು ಇನ್ನೂ ಬರೆದಿಲ್ಲ. ಮುಂದಿನ ವಾರ ಅದನ್ನು ಮುಗಿಸಿ, ಧಾರವಾಡದ ಇಬ್ಬರು ಗೆಳೆಯರಿಗೆ ಬಂಕಾಪುರದ ನಕ್ಷೆಯನ್ನು ಆಡಲು ಕೊಡುತ್ತೇನೆ.