ಎನ್54: ಮೊದಲು ಸೋರಿಕೆ, ಆಮೇಲೆ ಬೂಸ್ಟ್

ಬಿಎಂಡಬ್ಲ್ಯು ಝಡ್4 ಎಸ್‌ಡ್ರೈವ್35ಐ ಗಾಡಿಯ ಬಾನೆಟ್ ಎತ್ತಿದರೆ ಕಾಣುವ ಎಂಜಿನ್ ಎನ್54. ಒಂದೇ ಸಾಲಿನಲ್ಲಿ ಆರು ಸಿಲಿಂಡರ್, 2979 ಸಿಸಿ, ಮೂರು ಸಿಲಿಂಡರಿಗೆ ಒಂದರಂತೆ ಎರಡು ಸಣ್ಣ ಟರ್ಬೊ, 306 ಅಶ್ವಶಕ್ತಿ, 400 ನ್ಯೂಟನ್ ಮೀಟರ್ ಟಾರ್ಕ್. ಕ್ರ್ಯಾಂಕ್ ಫೋರ್ಜ್ ಮಾಡಿದ್ದು, ಅಲ್ಯೂಮಿನಿಯಂ ಬ್ಲಾಕಿನೊಳಗೆ ಎರಕದ ಕಬ್ಬಿಣದ ಲೈನರ್. ಒಳಗಿನ ಲೋಹ ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ಹೋಗುವುದು ಅದರ ಸುತ್ತಲಿನ ಪ್ಲಾಸ್ಟಿಕ್ಕು ಮತ್ತು ರಬ್ಬರು. 2009–10ರ ಗಾಡಿಗಳಿಗೆ ಈಗ ಹದಿನೈದು ವರ್ಷ ದಾಟಿದೆ. ಹಿಂಜವಡಿ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ಕುದಿದು, ಮಳೆಗಾಲದ ನಾಲ್ಕು ತಿಂಗಳು ಹೊದಿಕೆಯ ಕೆಳಗೆ ನಿಂತು, ಮತ್ತೆ ಒಂದು ದಿನ ಊರಿಗೆಂದು ಬೆಳಗಾವಿವರೆಗೆ ಒಂದೇ ಓಟ ಓಡುವ ಪುಣೆಯ ಗಾಡಿಯಲ್ಲಿ ಕಿಲೋಮೀಟರ್ ಕಡಿಮೆ ಇದ್ದರೂ ಸೀಲುಗಳು ಮುದಿಯಾಗಿರುತ್ತವೆ.

ಈ ಎಂಜಿನ್ನಿಗೆ ಟ್ಯೂನ್ ಹಾಕುವುದು, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದು, ಅರ್ಧ ಗಂಟೆಯ ಕೆಲಸ. ಅದಕ್ಕೇ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಎಂಜಿನ್ನುಗಳು ಹಾಳಾಗುವುದೂ ಅಲ್ಲಿಂದಲೇ. ಕೈಯಲ್ಲಿರುವ ದುಡ್ಡಿನ ಮೊದಲ ಪಾಲು ಆಯಿಲ್ ಸೋರಿಕೆಗೆ, ಎರಡನೆಯದು ತಂಪಿಗೆ, ಮೂರನೆಯದು ಪೆಟ್ರೋಲ್ ದಾರಿಗೆ ಹೋಗಲಿ. ಬೂಸ್ಟಿನ, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡದ, ಮಾತು ಆಮೇಲೆ.

ಏನನ್ನೂ ಬಿಚ್ಚುವ ಮುನ್ನ ಎಂಜಿನ್ನಿನ ಸ್ಥಿತಿ ಅಳೆಯಬೇಕು. ಬಿಸಿ ಎಂಜಿನ್, ಆರೂ ಪ್ಲಗ್ ಹೊರಗೆ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ನೋಡಿ. ಆರರ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಂದು ಸಿಲಿಂಡರ್ ಕಡಿಮೆ ಬಂದರೆ ಲೀಕ್‌ಡೌನ್ ಟೆಸ್ಟ್ ಮಾಡಿ (ಸಿಲಿಂಡರಿಗೆ ಒತ್ತಡದ ಗಾಳಿ ತುಂಬಿ ಎಷ್ಟು ಸೋರುತ್ತದೆ ನೋಡುವುದು), ಗಾಳಿಯ ಸದ್ದು ಎಲ್ಲಿಂದ ಬರುತ್ತದೆ ಕೇಳಿ: ಆಯಿಲ್ ಹಾಕುವ ಬಾಯಿಯಿಂದ ಬಂದರೆ ರಿಂಗ್, ಥ್ರಾಟಲ್ ಕಡೆಯಿಂದ ಬಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಕೂಲಂಟ್ ಟ್ಯಾಂಕಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಶೇ 20 ದಾಟಿದ ಸೋರಿಕೆ ಇರುವ ಎಂಜಿನ್ನಿಗೆ ಕೆಳಗಿನ ಯಾವ ಖರ್ಚೂ ಬೇಡ, ಮೊದಲು ಹೆಡ್ ಇಳಿಸುವ ಬಗ್ಗೆ ಯೋಚಿಸಿ. ಪ್ಲಗ್ ತೂತಿನಿಂದ ಬೋರೋಸ್ಕೋಪ್ (ಕೊಳವೆ ಕ್ಯಾಮೆರಾ) ಇಳಿಸಿ ಪಿಸ್ಟನ್ ತಲೆಗಳನ್ನೂ ನೋಡಿಬಿಡಿ. ಐದು ಕಪ್ಪಾಗಿದ್ದು ಒಂದು ಮಾತ್ರ ತೊಳೆದಂತೆ ಹೊಳೆಯುತ್ತಿದ್ದರೆ ಅಲ್ಲಿ ಇಂಜೆಕ್ಟರ್ ಸೋರುತ್ತಿರಬಹುದು.

ಇನ್ನು ಸೋರಿಕೆ. ಮುಖ್ಯವಾದದ್ದು ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್. ಅದರ ಬೆಲೆ ಪುಡಿಗಾಸು. ಬದಲಿಸದೆ ಬಿಟ್ಟರೆ ಎಂಜಿನ್ನೇ ಹೋಗಬಹುದು. ಹೇಗೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಹೌಸಿಂಗ್ ಇರುವುದು ಎಂಜಿನ್ನಿನ ಮುಂಭಾಗದಲ್ಲಿ, ಆಲ್ಟರ್ನೇಟರಿನ ಮೇಲೆ. ಗ್ಯಾಸ್ಕೆಟ್ ಬಿಸಿಗೆ ಒಣಗಿ ಗಟ್ಟಿಯಾಗುತ್ತದೆ. ಹಳೆಯದನ್ನು ಬೆರಳಲ್ಲಿ ಬಗ್ಗಿಸಲು ಹೋದರೆ ಪ್ಲಾಸ್ಟಿಕ್ ಬಳೆಯಂತೆ ಟಕ್ಕೆಂದು ಮುರಿಯುತ್ತದೆ. ಅಲ್ಲಿಂದ ಜಿನುಗಿದ ಆಯಿಲ್ ಆಲ್ಟರ್ನೇಟರ್ ಮೇಲೂ ಬೆಲ್ಟಿನ ಮೇಲೂ ಬೀಳುತ್ತದೆ. ಆಯಿಲ್ ಕುಡಿದ ಬೆಲ್ಟ್ ಉಬ್ಬಿ, ಪುಲ್ಲಿಯ ಜಾಡಿನಿಂದ ಜಾರಿ, ಅಂಚಿನಲ್ಲಿ ಎಳೆ ಬಿಡುತ್ತದೆ. ಆ ಎಳೆ ಕ್ರ್ಯಾಂಕ್ ಪುಲ್ಲಿಯ ಹಿಂದೆ ಸುತ್ತಿಕೊಂಡು ಮುಂದಿನ ಆಯಿಲ್ ಸೀಲನ್ನು ಸೀಳಿ ಒಳಗೆ ಹೋಗುತ್ತದೆ. ರಬ್ಬರ್ ಚೂರುಗಳೂ ನೂಲೂ ಸಂಪಿಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಬಿದ್ದು ಆಯಿಲ್ ಪಂಪಿನ ಜಾಲರಿಗೆ ಅಂಟುತ್ತವೆ. ಅಲ್ಲಿಂದ ಮುಂದೆ ಆಯಿಲ್ ಪ್ರೆಷರ್ ಇಲ್ಲ, ಬೇರಿಂಗ್ ಉಳಿಯುವುದಿಲ್ಲ. ಬೆಲ್ಟ್ ಹರಿದ ಎನ್54 ಸಿಕ್ಕರೆ ಹೊಸ ಬೆಲ್ಟ್ ಹಾಕಿ ಸ್ಟಾರ್ಟ್ ಮಾಡಬೇಡಿ. ಸೀಲಿನ ಸುತ್ತ ನೂಲು ಸಿಕ್ಕಿದರೆ ಸಂಪ್ ಇಳಿಸಿ ಜಾಲರಿ ನೋಡಲೇಬೇಕು.

ಹೌಸಿಂಗ್ ಹಿಡಿದಿರುವುದು ಮೂರು ಬೋಲ್ಟ್. ಬಿಚ್ಚಿದ ಮೇಲೆ ಬ್ಲಾಕಿನ ಮುಖವನ್ನು ಪ್ಲಾಸ್ಟಿಕ್ ಸ್ಕ್ರೇಪರ್ ಮತ್ತು ಬ್ರೇಕ್ ಕ್ಲೀನರಿನಿಂದ ಮಾತ್ರ ಶುಚಿ ಮಾಡಿ. ಮರಳು ಕಾಗದ, ಉಜ್ಜುವ ಡಿಸ್ಕ್ ಬೇಡ. ಅದರ ಪುಡಿ ನೇರ ಆಯಿಲ್ ಗ್ಯಾಲರಿಗೆ ಹೋಗುತ್ತದೆ. ಹೊಸ ಗ್ಯಾಸ್ಕೆಟ್ಟನ್ನು ಒಣಗಿದ ಮುಖಕ್ಕೆ ಕೂರಿಸಿ, ಸಿಲಿಕೋನ್ ಪೇಸ್ಟ್ ಹಚ್ಚದೆ, 22 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಬೆಲ್ಟ್ ನೆನೆದಿದ್ದರೆ ಒರೆಸಿ ಮತ್ತೆ ಹಾಕುವ ಹಾಗಿಲ್ಲ. ಬೆಲ್ಟ್, ಟೆನ್ಷನರ್, ಐಡ್ಲರ್ ಮೂರೂ ಹೊಸದಾಗಲಿ.

ಎರಡನೆಯ ಸೋರಿಕೆ ವಾಲ್ವ್ ಕವರಿನದು. ಸಿಗ್ನಲ್ಲಿನಲ್ಲಿ ನಿಂತಾಗ ಎಸಿ ಗಾಳಿಯಲ್ಲಿ ಸುಟ್ಟ ಆಯಿಲ್ ವಾಸನೆ ಬಂದರೆ ಎಕ್ಸಾಸ್ಟ್ ಕಡೆಯ ಅಂಚಿನಿಂದ ಬಿಸಿ ಪೈಪಿನ ಮೇಲೆ ತೊಟ್ಟಿಕ್ಕುತ್ತಿದೆ. ಈ ಕವರ್ ಪ್ಲಾಸ್ಟಿಕ್ಕಿನದು, ಎಂಜಿನ್ನೊಳಗಿನ ಆಯಿಲ್ ಆವಿಯನ್ನು ಇನ್‌ಟೇಕಿಗೆ ಮರಳಿಸುವ ಪಿಸಿವಿ ವ್ಯವಸ್ಥೆ ಅದರೊಳಗೇ ಇದೆ. ಟಾರ್ಚ್ ಓರೆ ಹಿಡಿದು ನೋಡಿದರೆ ಕೂದಲೆಳೆಯಂಥ ಬಿರುಕು ಕಾಣುತ್ತದೆ, ಧೂಳು ಕೂತು ಕಪ್ಪು ಗೆರೆಯಾಗಿರುತ್ತದೆ. ಬಿರುಕಿದ್ದರೆ ಗ್ಯಾಸ್ಕೆಟ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಕವರೇ ಬೇಕು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ, 10 ನ್ಯೂಟನ್ ಮೀಟರ್ ದಾಟದಂತೆ ಬಿಗಿ ಮಾಡಿ. ಎಷ್ಟೋ ಹೊಸ ಕವರುಗಳು ಒಡೆಯುವುದು ಫಿಟ್ ಮಾಡುವ ದಿನವೇ, ಅತಿ ಬಿಗಿಯಿಂದ. ಹತ್ತು ನಿಮಿಷ ಐಡ್ಲಿಂಗಿನಲ್ಲಿ ನಿಂತು ಹೊರಟಾಗ ನೀಲಿ ಹೊಗೆ ಬಂದರೆ ‘ಟರ್ಬೊ ಹೋಗಿದೆ’ ಎಂದು ಹೇಳುವವರು ಬಹಳ. ಮೊದಲು ಪಿಸಿವಿ ನೋಡಿ. ಎಷ್ಟೋ ಟರ್ಬೊಗಳು ತಪ್ಪಿಲ್ಲದೆ ಗುಜರಿಗೆ ಹೋಗಿವೆ.

ತಂಪಿನ ವಿಷಯಕ್ಕೆ ಬಂದರೆ, ಎನ್54ರ ವಾಟರ್ ಪಂಪಿಗೆ ಬೆಲ್ಟ್ ಇಲ್ಲ. 400 ವಾಟ್ ಎಲೆಕ್ಟ್ರಿಕ್ ಮೋಟರ್ ಅದನ್ನು ತಿರುಗಿಸುತ್ತದೆ. ಸಾಮಾನ್ಯವಾಗಿ 80 ಸಾವಿರದಿಂದ 1 ಲಕ್ಷ ಕಿಲೋಮೀಟರಿನೊಳಗೆ ಕೈಕೊಡುತ್ತದೆ, ಅದೂ ಮುನ್ಸೂಚನೆ ಇಲ್ಲದೆ. ಬೆಲ್ಟ್ ಪಂಪಿನಂತೆ ಗುಂಯ್ ಎನ್ನುವುದಿಲ್ಲ, ನೀರು ಜಿನುಗಿಸುವುದಿಲ್ಲ. ಪುಣೆ–ಸಾತಾರಾ ದಾರಿಯ ಖಂಬಾಟ್ಕಿ ಘಾಟಿಯ ನಡುವೆ ಹಳದಿ ದೀಪ, ಕೆಂಪು ದೀಪ, ಮುಗಿಯಿತು. ಹಾಗಾಗಿ 80 ಸಾವಿರ ಆದ ಗಾಡಿಯಲ್ಲಿ ಪಂಪನ್ನೂ ಥರ್ಮೋಸ್ಟಾಟನ್ನೂ ಒಟ್ಟಿಗೇ ಬದಲಿಸಿ. ಎರಡೂ ಅಕ್ಕಪಕ್ಕ ಇವೆ, ಕೂಲಿ ಒಂದೇ. ಪಿಯರ್‌ಬರ್ಗ್ ಮೂಲ ಪಂಪನ್ನೇ ಕೊಳ್ಳಿ. ಮುಂಬೈ ಕುರ್ಲಾದ ಸಿಎಸ್‌ಟಿ ರೋಡ್ ಬಿಡಿಭಾಗದ ಪೇಟೆಯಾಗಲಿ, ನಮ್ಮ ಪುಣೆಯ ನಾನಾ ಪೇಠ್ ಆಗಲಿ, ಅರ್ಧ ಬೆಲೆಗೆ ಸಿಗುವ ನಕಲು ಪಂಪಿಗೆ ಈ ಎಂಜಿನ್ನನ್ನು ಒಪ್ಪಿಸುವುದು ಸರಿಯಲ್ಲ.

ಪಂಪ್ ಹಿಡಿದಿರುವ ಮೂರು ಬೋಲ್ಟ್ ಅಲ್ಯೂಮಿನಿಯಂನವು, ಒಂದೇ ಸಲ ಬಳಸುವಂಥವು. 10 ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ ತಿರುವು. ಆ ತಿರುವಿನಲ್ಲಿ ಬೋಲ್ಟ್ ಎಳೆದುಕೊಳ್ಳುತ್ತದೆ, ಹಳೆಯದನ್ನು ಮತ್ತೆ ತಿರುಗಿಸಿದರೆ ತುಂಡಾಗಿ ಬ್ಲಾಕಿನಲ್ಲೇ ಉಳಿಯುತ್ತದೆ. ಭೋಸರಿ, ಪಿಂಪ್ರಿ ಕಡೆ ನಮ್ಮ ಉತ್ತರ ಕರ್ನಾಟಕದ ಫಿಟ್ಟರುಗಳು ಬೇಕಾದಷ್ಟಿದ್ದಾರೆ, ಕೈಗೆಲಸ ಗಟ್ಟಿ. ಆದರೂ ಬಾಯಿ ಬಿಟ್ಟು ಹೇಳಿ: “ಅಣ್ಣಾರ, ಅಲ್ಯೂಮಿನಿಯಂ ಬೋಲ್ಟ್ ಅದಾವ, ಹೊಸಾವ ಹಾಕ್ರಿ. ಗನ್ ಬ್ಯಾಡ, ಟಾರ್ಕ್ ರೆಂಚ್ ಹಚ್ರಿ.”

ಕೂಲಂಟ್ ಎಂದರೆ ಬಿಎಂಡಬ್ಲ್ಯುವಿನ ನೀಲಿ ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಬೋರ್‌ವೆಲ್ ನೀರು ಹಾಕಿದರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ತುಂಬಿದ ಮೇಲೆ ಗಾಳಿ ತೆಗೆಯುವ ಕ್ರಮ ಹೀಗಿದೆ. ಬ್ಯಾಟರಿಗೆ ಚಾರ್ಜರ್ ಹಚ್ಚಿ, ಟ್ಯಾಂಕಿನ ಮುಚ್ಚಳ ಹಾಕಿ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಲೋ ಬೀಮ್ ಹಚ್ಚಿ. ಹೀಟರ್ ಅತಿ ಬಿಸಿಗೆ, ಫ್ಯಾನ್ ಅತಿ ಕಡಿಮೆಗೆ ಇಟ್ಟು, ಆಕ್ಸಿಲರೇಟರ್ 10 ಸೆಕೆಂಡ್ ಪೂರ್ತಿ ಒತ್ತಿ ಬಿಡಿ. ಪಂಪ್ ತಾನಾಗಿಯೇ ಸುಮಾರು 12 ನಿಮಿಷ ಓಡಿ ನಿಲ್ಲುತ್ತದೆ. ಆಮೇಲೆ ಮಟ್ಟ ನೋಡಿ ತುಂಬಿ. ಮಟ್ಟ ಇಳಿದಿದ್ದರೆ ಇನ್ನೊಂದು ಸಲ. ಚಾರ್ಜರ್ ಬಿಟ್ಟು ಮಾಡಿದರೆ ನಡುವೆ ವೋಲ್ಟೇಜ್ ಬಿದ್ದು ಪಂಪ್ ನಿಲ್ಲುತ್ತದೆ, ಗಾಳಿ ಒಳಗೇ ಉಳಿಯುತ್ತದೆ.

ಇನ್‌ಟೇಕ್ ಮ್ಯಾನಿಫೋಲ್ಡ್ ಇಳಿಸುವ ದಿನ ನಾಲ್ಕು ಕೆಲಸ ಒಟ್ಟಿಗೆ ಮುಗಿಸಿಕೊಳ್ಳಿ: ಮೇಲೆ ಹೇಳಿದ ಫಿಲ್ಟರ್ ಹೌಸಿಂಗ್, ಕೈಗೆ ಸಿಗುವ ವ್ಯಾಕ್ಯೂಮ್ ಪೈಪುಗಳು, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟುಗಳು, ಮತ್ತು ಕಾರ್ಬನ್. ಇದು ಡೈರೆಕ್ಟ್ ಇಂಜೆಕ್ಷನ್ ಎಂಜಿನ್, ಪೆಟ್ರೋಲ್ ನೇರ ಸಿಲಿಂಡರಿಗೆ ಬೀಳುತ್ತದೆ. ವಾಲ್ವಿನ ಬೆನ್ನು ತೊಳೆಯುವವರೇ ಇಲ್ಲ. ಪಿಸಿವಿಯಿಂದ ಬರುವ ಆಯಿಲ್ ಆವಿ ಅಲ್ಲಿ ಸುಟ್ಟು ತಳ ಹಿಡಿದ ಬೆಲ್ಲದ ಪಾಕದಂತೆ ಕಚ್ಚುತ್ತದೆ. ಹನ್ನೆರಡು ಇನ್‌ಟೇಕ್ ವಾಲ್ವಿಗೂ ಹೀಗೇ. ಚಳಿಯಲ್ಲಿ ಮಿಸ್ ಹೊಡೆಯುವುದು, ಐಡ್ಲಿಂಗ್ ನಡುಗುವುದು ಹೆಚ್ಚಾಗಿ ಇದರಿಂದಲೇ. ವಾಲ್‌ನಟ್ ಚಿಪ್ಪಿನ ಪುಡಿಯನ್ನು ಆರೇಳು ಬಾರ್ ಗಾಳಿಯಲ್ಲಿ ಊದಿ ತೆಗೆಯಬೇಕು. ಕೆಲಸ ಮಾಡುವ ಸಿಲಿಂಡರಿನ ಎರಡೂ ಇನ್‌ಟೇಕ್ ವಾಲ್ವ್ ಪೂರ್ತಿ ಮುಚ್ಚಿರಬೇಕು. ಕ್ರ್ಯಾಂಕನ್ನು ಕೈಯಿಂದ, ಗಡಿಯಾರದ ದಿಕ್ಕಿನಲ್ಲೇ ತಿರುಗಿಸಿ, ಟಾರ್ಚ್ ಹಾಕಿ ಕಣ್ಣಾರೆ ನೋಡಿದ ಮೇಲೆಯೇ ಊದಿ. ಉಳಿದ ಐದರ ಬಾಯಿಗೆ ಬಟ್ಟೆ ತುರುಕಿ, ಎಣಿಸಿ ಇಡಿ, ತೆಗೆಯುವಾಗ ಮತ್ತೆ ಎಣಿಸಿ. 60–80 ಸಾವಿರ ಕಿಲೋಮೀಟರಿಗೊಮ್ಮೆ ಈ ಕೆಲಸ ಬೇಕೇ ಬೇಕು.

ಪೆಟ್ರೋಲ್ ದಾರಿಯಲ್ಲಿ ಎರಡು ಭಾಗ ದುಬಾರಿ. ಒಂದು, 200 ಬಾರ್ ಒತ್ತಡ ಕೊಡುವ ಹೈ ಪ್ರೆಷರ್ ಪಂಪ್. 2010ರಲ್ಲಿ ಅಮೆರಿಕದಲ್ಲಿ ಈ ಪಂಪಿಗಾಗಿ ಗಾಡಿಗಳನ್ನು ವಾಪಸ್ ಕರೆಸಿದ್ದರು. ಸೆಲ್ಫ್ ಬಹಳ ಹೊತ್ತು ತಿರುಗಿ ಸ್ಟಾರ್ಟ್ ಆಗುವುದು, ಏರಿನಲ್ಲಿ ಪಿಕಪ್ ಕಡಿತವಾಗುವುದು ಇದರ ಲಕ್ಷಣ. ಆದರೆ ಹೈ ಪ್ರೆಷರ್ ಪಂಪ್ ಕೊಳ್ಳುವ ಮುನ್ನ ಟ್ಯಾಂಕ್ ಕಡೆಯ ಒತ್ತಡ ಸುಮಾರು 5 ಬಾರ್ ಇದೆಯೇ ನೋಡಿ. ಹಿಂದಿನಿಂದಲೇ ಪೆಟ್ರೋಲ್ ಬರದಿದ್ದರೆ ಮುಂದಿನ ಪಂಪಿನ ತಪ್ಪೇನು? ಎರಡು, ಪೀಜೋ ಇಂಜೆಕ್ಟರುಗಳು. ಸೋರುವ ಇಂಜೆಕ್ಟರ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಹಾಕುತ್ತದೆ, ಸಂಪಿನ ಆಯಿಲ್ ತೆಳುವಾಗುತ್ತದೆ. ಎನ್54ಕ್ಕೆ ಡಿಪ್‌ಸ್ಟಿಕ್ ಇಲ್ಲ, ಹಾಗಾಗಿ ಫಿಲ್ಟರ್ ಬಿಚ್ಚಿದಾಗ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದರೆ ಸುಮ್ಮನಿರಬೇಡಿ. ಹೊಸದು ಹಾಕುವುದಾದರೆ ಇಂಡೆಕ್ಸ್ 12 (ಇಂಜೆಕ್ಟರಿನ ಆವೃತ್ತಿ ಸಂಖ್ಯೆ), ಮೂರು ಸಿಲಿಂಡರಿನ ಒಂದು ಬ್ಯಾಂಕಿಗೆ ಮೂರೂ ಒಂದೇ ಬಗೆಯದು. ಮೈಮೇಲೆ ಬರೆದ ಸಂಖ್ಯೆಗಳನ್ನು ಕೂರಿಸುವ ಮುನ್ನ ಫೋಟೊ ತೆಗೆದು, ಆಮೇಲೆ ಎಂಜಿನ್ ಕಂಪ್ಯೂಟರಿಗೆ ತುಂಬಬೇಕು. ಇದನ್ನು ಮರೆತರೆ ಹೊಸ ಇಂಜೆಕ್ಟರಿನಲ್ಲೂ ಎಂಜಿನ್ ಒರಟಾಗಿಯೇ ಓಡುತ್ತದೆ.

ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಎಥನಾಲಿನಲ್ಲಿ ಶಕ್ತಿ ಕಡಿಮೆ, ಅದೇ ಕೆಲಸಕ್ಕೆ ಶುದ್ಧ ಪೆಟ್ರೋಲಿಗಿಂತ ಶೇ 6–7ರಷ್ಟು ಹೆಚ್ಚು ಇಂಧನ ಹರಿಯಬೇಕು. ಮೊದಲೇ ದಣಿದ ಪಂಪಿಗೆ ಅದು ಹೊರೆ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ನಿಲ್ಲಿಸುವವರು ಅರ್ಧ ಟ್ಯಾಂಕ್ ಬಿಟ್ಟು ನಿಲ್ಲಿಸಬೇಡಿ. ಪೂರ್ತಿ ತುಂಬಿ, ಎರಡು ವಾರಕ್ಕೊಮ್ಮೆ ಓಡಿಸಿ.

ಈಗ ಬೂಸ್ಟ್. ಕಂಪನಿ ಕೊಟ್ಟದ್ದು ಸುಮಾರು 0.6 ಬಾರ್. ಹೆಚ್ಚಿಸುವ ಮೊದಲು ಇದ್ದದ್ದು ಪೂರ್ತಿ ಬರುತ್ತಿದೆಯೇ ನೋಡಿ. 30ಎಫ್‌ಎಫ್ ಕೋಡ್ ಬಂದರೆ ಬೂಸ್ಟ್ ಕಡಿಮೆ ಎಂದರ್ಥ, ಟರ್ಬೊ ಹೋಗಿದೆ ಎಂದಲ್ಲ. ಹೆಚ್ಚಿನ ಎಕ್ಸಾಸ್ಟ್ ಗಾಳಿಯನ್ನು ಟರ್ಬೊ ತಪ್ಪಿಸಿ ಬಿಡುವ ಬಾಗಿಲು ವೇಸ್ಟ್‌ಗೇಟ್. ಅದು ಮುಚ್ಚುವುದು ವ್ಯಾಕ್ಯೂಮಿನಿಂದ, ಆ ಸಣ್ಣ ರಬ್ಬರ್ ಪೈಪು ಬಿರುಕು ಬಿಟ್ಟರೂ ಇದೇ ಕೋಡ್. ಕೈ ವ್ಯಾಕ್ಯೂಮ್ ಪಂಪ್ ಹಚ್ಚಿ ಎಳೆದರೆ ಮುಳ್ಳು ಒಂದು ನಿಮಿಷ ಅಲುಗಾಡದೆ ನಿಲ್ಲಬೇಕು. ಐದು ಮೀಟರ್ ಸಿಲಿಕೋನ್ ಪೈಪಿನಲ್ಲಿ ಎಲ್ಲವನ್ನೂ ಬದಲಿಸಬಹುದು. ಒಂದೊಂದಾಗಿ ತೆಗೆದು ಒಂದೊಂದಾಗಿ ಹಾಕಿ, ಒಟ್ಟಿಗೆ ಬಿಚ್ಚಿದರೆ ಗೊಂದಲ. ಆಕ್ಸಿಲರೇಟರ್ ಬಿಟ್ಟಾಗ ಗಲಗಲ ಸದ್ದು ಬಂದರೆ ವೇಸ್ಟ್‌ಗೇಟಿನ ಕಡ್ಡಿ ಸವೆದಿದೆ. ಸ್ವಲ್ಪವಾದರೆ ರಾಡ್ ಹೊಂದಿಸಿ ನಡೆಸಬಹುದು, ಬೂಸ್ಟ್ ಏರಿಸುವ ಗಾಡಿಯಲ್ಲಿ ಮಾತ್ರ ಬೇಡ.

ಮೊದಲ ಅಪ್‌ಗ್ರೇಡ್ ಚಾರ್ಜ್ ಪೈಪ್, ಬೂಸ್ಟ್ ಗಾಳಿಯನ್ನು ಥ್ರಾಟಲಿಗೆ ಒಯ್ಯುವ ಪೈಪ್. ಮೂಲದ್ದು ಪ್ಲಾಸ್ಟಿಕ್, ಥ್ರಾಟಲ್ ಬಾಡಿ ಸೇರುವ ಅಂಚಿನಲ್ಲಿ ಒಡೆಯುತ್ತದೆ. ಓವರ್‌ಟೇಕ್ ನಡುವೆ ಢಬ್ ಎಂದು ಸದ್ದಾಗಿ ಗಾಡಿ ಸತ್ತಂತಾಗುತ್ತದೆ. ಅಲ್ಯೂಮಿನಿಯಂ ಪೈಪ್ ಹಾಕಿ. ಎರಡನೆಯದು ಆ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್, ದೊಡ್ಡದು. 40 ಡಿಗ್ರಿಯ ಏಪ್ರಿಲ್‌ನಲ್ಲಿ ಮೂಲ ಇಂಟರ್‌ಕೂಲರ್ ಎರಡು ಎಳೆತಕ್ಕೇ ಕಾದು ಹೋಗುತ್ತದೆ, ಬಿಸಿ ಗಾಳಿಗೆ ನಾಕ್ (ಪೆಟ್ರೋಲ್ ತಪ್ಪು ಹೊತ್ತಿಗೆ ಸಿಡಿಯುವುದು) ಬಂದು ಕಂಪ್ಯೂಟರ್ ಟೈಮಿಂಗ್ ಕಡಿತ ಮಾಡುತ್ತದೆ. ನಮ್ಮ ಹವೆಗೆ ಟ್ಯೂನಿಗಿಂತ ಇದೇ ಹೆಚ್ಚು ಕೊಡುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೂರನೆಯದು ಪ್ಲಗ್: ಒಂದು ಹಂತ ತಣ್ಣನೆಯದು, ಗ್ಯಾಪ್ 0.55 ಮಿಲಿಮೀಟರ್, ತಣ್ಣನೆಯ ಎಂಜಿನ್ನಿನಲ್ಲಿ 23 ನ್ಯೂಟನ್ ಮೀಟರ್ ಬಿಗಿ. ಗ್ಯಾಪ್ ಹೆಚ್ಚಿದ್ದರೆ ಬೂಸ್ಟಿನ ಒತ್ತಡಕ್ಕೆ ಕಿಡಿ ಆರಿಹೋಗುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸುವುದು ಬೇಡ. ಕಾನೂನಿಗೂ ಒಪ್ಪುವುದಿಲ್ಲ, ಈ ಮಟ್ಟದ ಬೂಸ್ಟಿಗೆ ಅದರ ಅಗತ್ಯವೂ ಇಲ್ಲ.

ಆಯಿಲ್ 6.5 ಲೀಟರ್, ಬಿಎಂಡಬ್ಲ್ಯುವಿನ ಎಲ್ಎಲ್-01 ಮಾನ್ಯತೆಯ 5ಡಬ್ಲ್ಯು-30 ಅಥವಾ 5ಡಬ್ಲ್ಯು-40, 8 ಸಾವಿರ ಕಿಲೋಮೀಟರಿಗೊಮ್ಮೆ. ಪೆಟ್ರೋಲ್ ಕನಿಷ್ಠ 95 ಆಕ್ಟೇನ್, ಟ್ಯೂನ್ ಆದ ಮೇಲೆ ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್ ಎಕ್ಸ್‌ಪಿ100 ಸಿಕ್ಕರೆ ಅದೇ.

ಇಷ್ಟಾದ ಮೇಲೆ 0.9 ಬಾರ್ ಆಸುಪಾಸಿನ ಸ್ಟೇಜ್ 1 ಮ್ಯಾಪ್ (ಮೊದಲ ಹಂತದ ಟ್ಯೂನ್) ಹಾಕಿ ಡೈನೊ (ಗಾಡಿಯ ಶಕ್ತಿ ಅಳೆಯುವ ಯಂತ್ರ) ಮೇಲೆ ಲಾಗ್ ತೆಗೆಯಿರಿ, ರಸ್ತೆಯ ಮೇಲೆ ಬೇಡ. ಕೇಳಿದ ಬೂಸ್ಟಿಗೂ ಬಂದ ಬೂಸ್ಟಿಗೂ ಅಂತರ, ಆರೂ ಸಿಲಿಂಡರಿನ ಟೈಮಿಂಗ್ ಕಡಿತ, ಫ್ಯುಯೆಲ್ ರೈಲಿನ ಒತ್ತಡ, ಒಳಬರುವ ಗಾಳಿಯ ಬಿಸಿ, ಈ ನಾಲ್ಕು ಗೆರೆ ಸಾಕು. ರೈಲಿನ ಒತ್ತಡ ಮೇಲಿನ ಆರ್‌ಪಿಎಂನಲ್ಲಿ ಕುಸಿದರೆ ಮ್ಯಾಪ್ ತೆಗೆದು ಪಂಪಿನ ಕಡೆ ಮರಳಿ. ತಂಪಿನ ಪರೀಕ್ಷೆ ಮಾತ್ರ ರಸ್ತೆಯಲ್ಲೇ ಆಗಬೇಕು. ಪುಣೆಯಿಂದ ಸಾತಾರಾ ಕಡೆಗೆ ಖಂಬಾಟ್ಕಿ ಏರನ್ನು ಮಧ್ಯಾಹ್ನ, ಎಸಿ ಹಾಕಿಕೊಂಡು, ಲಾರಿಗಳ ಹಿಂದೆ ನಿಧಾನವಾಗಿ ಹತ್ತಿ ಕೂಲಂಟ್ ಮತ್ತು ಆಯಿಲ್ ತಾಪಮಾನ ನೋಡಿ. ಕೂಲಂಟ್ 80ರಿಂದ 108 ಡಿಗ್ರಿಯ ನಡುವೆ ಏರಿಳಿಯುವುದು ಸಹಜ, ಕಂಪ್ಯೂಟರೇ ಹಾಗೆ ನಡೆಸುತ್ತದೆ. ಮನೆಗೆ ಬಂದ ರಾತ್ರಿ ಎಂಜಿನ್ ಕೆಳಗೆ ಬಿಳಿ ರಟ್ಟು ಹಾಸಿ. ಬೆಳಿಗ್ಗೆ ಆಲ್ಟರ್ನೇಟರಿನ ನೇರಕ್ಕೆ ಒಂದು ಹನಿ ಕಂದು ಕಲೆ ಕಂಡರೂ ಹೌಸಿಂಗಿನ ಮೂರು ಬೋಲ್ಟಿಗೆ ಮತ್ತೆ ಟಾರ್ಕ್ ರೆಂಚ್ ಹಚ್ಚಿ ನೋಡಿ.